ಕಟ್ಟಡ ಅಳಿದರೂ ಉಳಿಯುವ ಗುರುತು: ಮದ್ರಾಸಿನಲ್ಲಿ ದಾರಿ ಹೇಳಿದ ಚರಿತ್ರೆ

ಚೆನ್ನೈನಲ್ಲಿ ವಿಳಾಸ ಹೇಳುವ ಮಾತು ರಸ್ತೆಯ ಹೆಸರಿನಿಂದ ಶುರುವಾಗುವುದು ಕಡಿಮೆ. ಜೆಮಿನಿ, ಎಲ್‌ಐಸಿ, ಪ್ಯಾರೀಸ್, ಲಜ್ ಕಾರ್ನರ್, ಪಾನಗಲ್ ಪಾರ್ಕ್, ಲಿಬರ್ಟಿ, ಅಶೋಕ್ ಪಿಲ್ಲರ್ ಎಂಬಂಥ ಒಂದು ಹೆಗ್ಗುರುತು ಮೊದಲು ಬರುತ್ತದೆ. ಅಲ್ಲಿ ಇಳಿದು ಯಾವ ಕಡೆ ತಿರುಗಬೇಕು, ಎಷ್ಟನೆಯ ಅಡ್ಡರಸ್ತೆ, ಪಕ್ಕದಲ್ಲಿ ಯಾವ ದೇವಸ್ಥಾನ ಎಂಬ ವಿವರ ಆಮೇಲಿನದು. ಈ ಹೆಸರುಗಳಲ್ಲಿ ಕೆಲವಕ್ಕೆ ಕಟ್ಟಡ ಇಂದಿಗೂ ಇದೆ, ಕೆಲವಕ್ಕೆ ಇಲ್ಲ. ಸ್ಟುಡಿಯೊ ಹೋಗಿ ದಶಕಗಳಾದರೂ ಜೆಮಿನಿ ಉಳಿದಿದೆ. ಚಿತ್ರಮಂದಿರ ನೆಲಸಮವಾದರೂ ಲಿಬರ್ಟಿ ಉಳಿದಿದೆ. ಸುಮಾರು ನಾಲ್ಕು ಶತಮಾನಗಳ ಮದ್ರಾಸಿನ ಚರಿತ್ರೆಯಲ್ಲಿ ಯಾವ ಗುರುತನ್ನು ಯಾರು, ಯಾವ ಅಗತ್ಯಕ್ಕೆ ಹಿಡಿದುಕೊಂಡರು ಎಂದು ನೋಡಿದರೆ ಆ ಊರು ಬೆಳೆದ ಬಗೆಯೇ ಕಾಣುತ್ತದೆ. ಗುರುತು ಬಾಳುವುದು ಅದರ ಎತ್ತರದಿಂದಲ್ಲ, ದಿನನಿತ್ಯ ಅದನ್ನು ಬಳಸುವ ಜನರಿಂದ ಎಂಬುದೂ ಆ ಚರಿತ್ರೆಯಿಂದ ತಿಳಿದುಬರುತ್ತದೆ.

ಕಡಲಿನಿಂದ ಕಂಡ ಗುರುತುಗಳು

ಮದ್ರಾಸಿನ ಮೊದಲ ಹೆಗ್ಗುರುತುಗಳು ನೆಲದ ಮೇಲೆ ನಡೆಯುವವರಿಗಾಗಿ ಹುಟ್ಟಿದವಲ್ಲ. ಈಸ್ಟ್ ಇಂಡಿಯಾ ಕಂಪನಿ 1639ರಲ್ಲಿ ಇಲ್ಲಿ ಜಾಗ ಪಡೆದಾಗ ಬಂದರು ಎಂಬುದೇ ಇರಲಿಲ್ಲ. ನೇರವಾದ ಮರಳಿನ ದಂಡೆ, ಅದಕ್ಕೆ ಬಡಿಯುವ ಅಲೆ, ಅಷ್ಟೆ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು; ಸರಕನ್ನೂ ಜನರನ್ನೂ ಮಸೂಲಾ ದೋಣಿಗಳಲ್ಲಿ ಅಲೆ ದಾಟಿಸಿ ದಡಕ್ಕೆ ತರಬೇಕಾಗಿತ್ತು. ತಗ್ಗಾದ, ಎಲ್ಲ ಕಡೆ ಒಂದೇ ತೆರನಾದ ಕರಾವಳಿಯಲ್ಲಿ ಊರು ಯಾವುದೆಂದು ದೂರದಿಂದಲೇ ತಿಳಿಯುವುದು ನಾವಿಕರಿಗೆ ಜೀವನ್ಮರಣದ ವಿಷಯವಾಗಿತ್ತು. ಸೇಂಟ್ ಜಾರ್ಜ್ ಕೋಟೆಯ ಎತ್ತರದ ತೇಗದ ಧ್ವಜಸ್ತಂಭ ಮತ್ತು 1680ರಲ್ಲಿ ಪ್ರತಿಷ್ಠೆಯಾದ ಸೇಂಟ್ ಮೇರೀಸ್ ಚರ್ಚಿಗೆ ಮುಂದೆ ಸೇರಿದ ಗೋಪುರ ಅವರಿಗೆ ಆಧಾರವಾದವು.

ಕೋಟೆಗೂ ಮುಂಚಿನ ಗುರುತುಗಳು ಮೈಲಾಪುರದ ಕಡೆಗಿದ್ದವು. ಲಜ್ ಚರ್ಚಿನ ಶಿಲೆ 1516ನೆಯ ಇಸವಿಯನ್ನು ಹೇಳುತ್ತದೆ. ಸಮುದ್ರದಲ್ಲಿ ದಾರಿ ತಪ್ಪಿದ ಪೋರ್ಚುಗೀಸ್ ನಾವಿಕರಿಗೆ ಒಂದು ಬೆಳಕು ಕಂಡಿತು, ಅದನ್ನೇ ನಂಬಿ ದಡ ಸೇರಿದವರು ಬೆಳಕು ಮಾಯವಾದ ಜಾಗದಲ್ಲಿ ಚರ್ಚು ಕಟ್ಟಿದರು ಎಂಬುದು ಅದರ ಐತಿಹ್ಯ. ಐತಿಹ್ಯ ಹೇಗೇ ಇರಲಿ, ಈ ತೀರದಲ್ಲಿ ದಾರಿ ತೋರುವ ಬೆಳಕಿಗೆ ಜನ ಕೊಟ್ಟಿದ್ದ ಬೆಲೆ ಅದರಲ್ಲಿದೆ. ಮುಂದೆ 1896ರಲ್ಲಿ ಹೊಸದಾಗಿ ಕಟ್ಟಿದ ಸಾಂತೋಮ್ ಚರ್ಚಿನ ಬಿಳಿಯ ಶಿಖರ ಮತ್ತು 20ನೆಯ ಶತಮಾನದ ಮೊದಲಲ್ಲಿ ಎದ್ದ ಕಪಾಲೀಶ್ವರ ದೇವಾಲಯದ ಸುಮಾರು 120 ಅಡಿಯ ರಾಜಗೋಪುರ ಆ ಭಾಗಕ್ಕೆ ಗುರುತಾದವು.

ಮದ್ರಾಸಿನ ದೀಪಸ್ತಂಭ ನಾಲ್ಕು ಕಡೆ ನಿಂತಿದೆ. ಮೊದಲನೆಯದು 1796ರಲ್ಲಿ, ಕೋಟೆಯೊಳಗಿನ ಎಕ್ಸ್‌ಚೇಂಜ್ ಕಟ್ಟಡದ ಮಾಳಿಗೆಯ ಮೇಲೆ ಉರಿದ ಎಣ್ಣೆದೀಪ. ಆ ಕಟ್ಟಡ ಈಗ ಕೋಟೆಯ ವಸ್ತುಸಂಗ್ರಹಾಲಯ. ಎರಡನೆಯದು 1844ರಲ್ಲಿ ಕೋಟೆಯ ಉತ್ತರದ ಬಯಲಿನಲ್ಲಿ ಎದ್ದ ಕಲ್ಲಿನ ದುಂಡು ಕಂಬ. ಅದರ ಸುತ್ತಲ ಜಾಗದಲ್ಲಿ 1892ರಲ್ಲಿ ಹೈಕೋರ್ಟಿನ ಕೆಂಪು ಕಟ್ಟಡ ತಲೆಯೆತ್ತಿದಾಗ ಅದರ ಮುಖ್ಯ ಗುಮ್ಮಟ ಕಂಬಕ್ಕಿಂತ ಎತ್ತರವಾಯಿತು. ಹೀಗಾಗಿ 1894ರಲ್ಲಿ ದೀಪ ಹೈಕೋರ್ಟಿನ ತಲೆಯ ಮೇಲಕ್ಕೇ ಏರಿತು. ನ್ಯಾಯಾಲಯದ ಗುಮ್ಮಟವೇ ನಾವಿಕರಿಗೆ ದೀಪಸ್ತಂಭವಾದ ಈ ಏರ್ಪಾಡು ಎಂಟು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ನಾಲ್ಕನೆಯದು ಮರೀನಾ ಕಡಲದಂಡೆಯ ತೆಂಕಣ ತುದಿಯಲ್ಲಿ 1977ರಿಂದ ಬೆಳಗುತ್ತಿರುವ ಕೆಂಪು ಬಿಳಿ ಪಟ್ಟೆಯ ಮುಮ್ಮೂಲೆ ಗೋಪುರ. ಹಡಗುಗಳಿಗಾಗಿ ಕಟ್ಟಿದ ಇದು ಬಲುಬೇಗ ಬಸ್ ಪ್ರಯಾಣಿಕರ ಗುರುತೂ ಆಯಿತು. ಇಂದು ಲೈಟ್‌ಹೌಸ್ ಎಂಬುದು ಒಂದು ಬಸ್ ನಿಲ್ದಾಣ, ಒಂದು ರೈಲು ನಿಲ್ದಾಣ, ಸುತ್ತಲಿನ ಬಡಾವಣೆ ಎಲ್ಲಕ್ಕೂ ಹೆಸರು.

ಮೀನುಗಾರರ ಲೆಕ್ಕ ಬೇರೆ. ದಡದ ಮೇಲಿನ ಎರಡು ಗುರುತುಗಳು ಒಂದೇ ಸಾಲಿಗೆ ಬರುವಂತೆ ದೋಣಿ ನಿಲ್ಲಿಸಿ, ಇನ್ನೊಂದು ದಿಕ್ಕಿನಲ್ಲೂ ಹಾಗೆಯೇ ಎರಡನ್ನು ಹೊಂದಿಸಿದರೆ ಕಡಲಿನ ಮೇಲೆ ಒಂದು ಜಾಗ ಖಚಿತವಾಗುತ್ತದೆ. ಮೀನು ಸೇರುವ ನೆಲವನ್ನು ಮತ್ತೆ ಮತ್ತೆ ಕಂಡುಹಿಡಿಯಲು ಭಾರತದ ಎರಡೂ ಕರಾವಳಿಗಳ ಮೀನುಗಾರರು ತಲೆಮಾರುಗಳಿಂದ ಬಳಸಿದ ವಿಧಾನ ಇದು. ಗುಡ್ಡ, ದೊಡ್ಡ ಮರ, ಗೋಪುರ, ಚರ್ಚಿನ ಶಿಖರ, ದೀಪಸ್ತಂಭ ಎಲ್ಲವೂ ಈ ಲೆಕ್ಕಕ್ಕೆ ಒದಗುತ್ತವೆ. ಭಕ್ತಿಗಾಗಿ ಎತ್ತಿದ ಶಿಖರ ಹೀಗೆ ಅನ್ನದ ದಾರಿಯನ್ನೂ ತೋರಿತು.

ಗಡಿಕಂಬ, ಗೋಡೆ, ಬಾಗಿಲು

ನೆಲದ ಮೇಲಿನ ಹಳೆಯ ಗುರುತುಗಳಲ್ಲಿ ಹಲವು ಯುದ್ಧದ ಭಯದಿಂದ ಹುಟ್ಟಿದವು. 1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದುಕೊಂಡರು. ಮೂರು ವರ್ಷಗಳ ಬಳಿಕ ಅದು ಕಂಪನಿಗೆ ಮರಳಿತು. ಕೋಟೆಯ ಗೋಡೆಗೆ ತಾಗಿಕೊಂಡಿದ್ದ ಹಳೆಯ ಪಟ್ಟಣ ಶತ್ರುವಿಗೆ ಮರೆಯಾಗುತ್ತದೆಂದು ಅದನ್ನು ಕೆಡವಿ ಬಯಲು ಮಾಡಲಾಯಿತು. ಆ ಬಯಲಿನಲ್ಲಿ ಮತ್ತೆ ಯಾರೂ ಮನೆ ಕಟ್ಟಬಾರದೆಂದು 1773ರಲ್ಲಿ ಅದರ ಅಂಚಿನುದ್ದಕ್ಕೂ ಗಡಿಕಂಬಗಳನ್ನು ನೆಡಲಾಯಿತು. ಅವುಗಳಲ್ಲಿ ಒಂದು ಪ್ಯಾರೀಸ್ ಕಾರ್ನರಿನ ಡೇರ್ ಹೌಸ್ ಆವರಣದಲ್ಲಿ ಉಳಿದಿದೆ. ಖಾಲಿ ಉಳಿಸಿದ ಆ ಬಯಲಿನಲ್ಲೇ ಮುಂದೆ ದೀಪಸ್ತಂಭವೂ ಹೈಕೋರ್ಟೂ ಎದ್ದವು.

ಎರಡನೆಯ ಭಯ ಮೈಸೂರಿನಿಂದ ಬಂತು. ಮೊದಲ ಆಂಗ್ಲೋ-ಮೈಸೂರು ಯುದ್ಧದ ಕಾಲದಲ್ಲಿ, 1767ರಲ್ಲಿ ಮೈಸೂರಿನ ಕುದುರೆ ಸವಾರರು ಮದ್ರಾಸಿನ ಹೊರವಲಯಕ್ಕೆ ನುಗ್ಗಿದರು. 1769ರಲ್ಲಿ ಹೈದರ್ ಅಲಿ ಸ್ವತಃ ಸೇಂಟ್ ಥಾಮಸ್ ಮೌಂಟ್ ಹತ್ತಿರದವರೆಗೆ ಬಂದು ನಿಂತು, ಕಂಪನಿಯ ಸರ್ಕಾರ ಒಪ್ಪಂದಕ್ಕೆ ಬರುವಂತೆ ಮಾಡಿದನು. ಕೋಟೆಯೊಳಗಿನ ಬಿಳಿಯರಿಗೆ ಗೋಡೆಯ ರಕ್ಷಣೆ ಇತ್ತು, ಹೊರಗಿನ ಪಟ್ಟಣಕ್ಕೆ ಇರಲಿಲ್ಲ. ಆ ದಿನಗಳಲ್ಲಿ ಪಟ್ಟಣದ ಉತ್ತರ ಮತ್ತು ಪಶ್ಚಿಮಕ್ಕೆ ಭದ್ರವಾದ ಗೋಡೆ ಎದ್ದಿತು. ಅದರ ವೆಚ್ಚವನ್ನು ನಿವಾಸಿಗಳಿಂದ ತೆರಿಗೆಯಾಗಿ ಎತ್ತಬೇಕೆಂಬ ಯೋಚನೆ ಇತ್ತು; ತೆರಿಗೆ ವಸೂಲಿಯಾಗಲಿಲ್ಲ, ಆದರೆ ಗೋಡೆಯ ಪಕ್ಕದ ದಾರಿ ವಾಲ್‌ಟ್ಯಾಕ್ಸ್ ರೋಡ್ ಎಂದೇ ಆಯಿತು. ಗೋಡೆಗಿದ್ದ ಬಾಗಿಲುಗಳಲ್ಲೊಂದು ಆನೆ ಬಾಗಿಲು. ಗೋಡೆ ಬಹುಪಾಲು ಅಳಿದು ರಾಯಪುರದ ಕಡೆ ಒಂದು ತುಂಡು ಮಾತ್ರ ಉಳಿದಿದೆ. ಆದರೂ ಯಾನೈ ಕವುನಿ, ಅಂದರೆ ಎಲಿಫೆಂಟ್ ಗೇಟ್, ಇಂದಿಗೂ ಆ ಭಾಗದ ಹೆಸರು. ಸೆಂಟ್ರಲ್ ನಿಲ್ದಾಣದ ಪಕ್ಕದ ವಾಲ್‌ಟ್ಯಾಕ್ಸ್ ರಸ್ತೆಯಲ್ಲಿ ನಡೆಯುವ ಕನ್ನಡಿಗನ ಕಾಲಕೆಳಗೆ ಶ್ರೀರಂಗಪಟ್ಟಣದ ಚರಿತ್ರೆಯ ಒಂದು ಪುಟವಿದೆ.

ಗುಡ್ಡದ ಕಡೆಗೆ ಹೋದ ರಸ್ತೆ

ಕೋಟೆಯಿಂದ ಸೇಂಟ್ ಥಾಮಸ್ ಮೌಂಟ್ ಎಂಬ ಸುಮಾರು 300 ಅಡಿ ಎತ್ತರದ ಗುಡ್ಡಕ್ಕೆ ಹೋಗುವ ದಾರಿಯೇ ಮೌಂಟ್ ರೋಡ್. ರಸ್ತೆಗೆ ಅದರ ಕೊನೆಯ ಗುರುತೇ ಹೆಸರಾದದ್ದಕ್ಕೆ ಇದೊಂದು ನಿದರ್ಶನ. ಈ ದಾರಿಗೆ ಅಡಯಾರು ನದಿ ಅಡ್ಡವಿತ್ತು. ಮದ್ರಾಸಿನ ಆರ್ಮೇನಿಯನ್ ವ್ಯಾಪಾರಿ ಕೋಜಾ ಪೆಟ್ರಸ್ ಉಸ್ಕಾನ್ 1726ರಲ್ಲಿ ತನ್ನ ಹಣದಿಂದ ಸೈದಾಪೇಟೆಯ ಬಳಿ ಮಾರ್ಮಲಾಂಗ್ ಸೇತುವೆ ಕಟ್ಟಿಸಿದ. ಗುಡ್ಡ ಹತ್ತುವ ಮೆಟ್ಟಿಲುಗಳೂ ಅವನ ಕೊಡುಗೆ. 1960ರ ದಶಕದಲ್ಲಿ ಅಲ್ಲಿ ಹೊಸ ಸೇತುವೆ ಬಂದು ಅದಕ್ಕೆ ಮರೈಮಲೈ ಅಡಿಗಳ್ ಹೆಸರಿಟ್ಟರು. ಹಳೆಯ ಸೇತುವೆಯ ಶಾಸನ ಮಾತ್ರ ರಸ್ತೆಬದಿಯಲ್ಲಿ ಉಳಿಯಿತು.

ಈ ಗುಡ್ಡ ಇಡೀ ಭಾರತದ ಭೂಪಟಕ್ಕೆ ಆರಂಭದ ಗುರುತಾಯಿತು. ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿ ಕಂಪನಿಯ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್‌ಟನ್ 1802ರ ಏಪ್ರಿಲಿನಲ್ಲಿ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ರೇಖೆಯನ್ನು ಸರಪಳಿಯಿಂದ ಅಳೆಯಲು ತೊಡಗಿದನು. ಒಂದು ರೇಖೆಯ ಉದ್ದ ಖಚಿತವಾದರೆ, ಅದರ ಎರಡು ತುದಿಗಳಿಂದ ದೂರದ ಮೂರನೆಯ ಗುರುತಿಗೆ ಥಿಯೋಡೊಲೈಟಿನಿಂದ ಕೋನ ಹಿಡಿದು ಆ ಗುರುತಿನ ದೂರವನ್ನು ಲೆಕ್ಕ ಹಾಕಬಹುದು. ಹೀಗೆ ತ್ರಿಕೋನದ ಮೇಲೆ ತ್ರಿಕೋನ ಪೋಣಿಸುತ್ತ ಅಳತೆ ಪಶ್ಚಿಮಕ್ಕೆ ಸಾಗಿತು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಮೂಲರೇಖೆ ಅಳೆದು ಲೆಕ್ಕ ಸರಿ ನೋಡಲಾಯಿತು. ಮೈಸೂರು ಸೀಮೆಯ ಗುಡ್ಡಗಳ ಮೂಲಕ ಅದು ಮಂಗಳೂರಿನ ಕರಾವಳಿ ಮುಟ್ಟಿತು. ಬೆಟ್ಟದ ತುದಿ, ದೇವಾಲಯದ ಗೋಪುರ, ಕೋಟೆಯ ಬುರುಜು ಎಲ್ಲವೂ ಅಳತೆಗಾರರಿಗೆ ಗುರುತುಗಳಾದವು. ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಬುಡ ಇಲ್ಲಿದೆ.

ಮೌಂಟ್ ರೋಡಿನ ಮೊದಲಲ್ಲಿ, ಕೂವಂ ನದಿಯ ನಡುವಿನ ಐಲ್ಯಾಂಡ್ ಮೈದಾನದಲ್ಲಿ ನಿಂತಿರುವ ಸರ್ ಥಾಮಸ್ ಮನ್ರೋನ ಕುದುರೆ ಸವಾರಿ ಪ್ರತಿಮೆ 1839ರದು. ಕೆತ್ತಿದವನು ಲಂಡನ್ನಿನ ಫ್ರಾನ್ಸಿಸ್ ಚಾಂಟ್ರಿ. ಕಾಲೂರುವ ರಿಕಾಪು ಇಲ್ಲದೆ ಕೂತ ಸವಾರನೆಂದು ಅದು ಜನರ ಬಾಯಲ್ಲಿ ಹೆಸರಾಗಿದೆ. ಮನ್ರೋ 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರಾಗಿ ಅಲ್ಲಿನ ಕಂದಾಯ ವ್ಯವಸ್ಥೆಗೆ ಕೈಹಾಕಿದವನು. ಆಮೇಲೆ ಬಳ್ಳಾರಿ ಸೇರಿದ ಪ್ರಾಂತದ ಆಡಳಿತ ನೋಡಿದನು. 1820ರಿಂದ 1827ರಲ್ಲಿ ಸಾಯುವವರೆಗೆ ಮದ್ರಾಸಿನ ಗವರ್ನರನಾಗಿದ್ದನು. ಎಗ್ಮೋರಿನ ಸೇಂಟ್ ಆಂಡ್ರ್ಯೂಸ್ ಚರ್ಚಿಗೂ ಕನ್ನಡ ನಾಡಿಗೂ ನಂಟಿದೆ. 1821ರಲ್ಲಿ ಮುಗಿದ ಆ ಚರ್ಚಿನ 160 ಅಡಿಗೂ ಮೀರಿದ ಶಿಖರ ಕಟ್ಟಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲೆಂಡ್ ಅದಕ್ಕೂ ಮೊದಲು ಶ್ರೀರಂಗಪಟ್ಟಣದಲ್ಲಿ ಇಟ್ಟಿಗೆಯ ಅಗಲ ಕಮಾನೊಂದನ್ನು ಪ್ರಯೋಗಕ್ಕಾಗಿ ಕಟ್ಟಿದ್ದನು. ಆ ಕಮಾನು 1937ರವರೆಗೆ ನಿಂತಿತ್ತು.

ರೈಲು, ಟ್ರಾಮು, ಗಡಿಯಾರ

ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು 1856ರ ಜುಲೈ 1ರಂದು ರಾಯಪುರಂ ನಿಲ್ದಾಣದಿಂದ ಹೊರಟಿತು. ಸೆಂಟ್ರಲ್ ನಿಲ್ದಾಣ 1873ರಲ್ಲಿ ಬಂತು. ಜಾರ್ಜ್ ಹಾರ್ಡಿಂಗ್‌ನ ಮೂಲ ವಿನ್ಯಾಸಕ್ಕೆ ರಾಬರ್ಟ್ ಚಿಶೋಮ್ ಗಡಿಯಾರ ಗೋಪುರವನ್ನು ಸೇರಿಸಿದ ಮೇಲೆ ಅದು ಊರಿನ ಮುಖವೇ ಆಯಿತು. ಎಗ್ಮೋರ್ ನಿಲ್ದಾಣ 1908ರದು. ಸೆಂಟ್ರಲ್ ಪಕ್ಕದ ರಿಪ್ಪನ್ ಬಿಲ್ಡಿಂಗ್, ಅಂದರೆ ಮಹಾನಗರ ಪಾಲಿಕೆಯ ಬಿಳಿಯ ಕಟ್ಟಡ, 1913ರದು.

ಸೆಂಟ್ರಲಿನ ಗಡಿಯಾರ ಗೋಪುರವನ್ನು ಕನ್ನಡಿಗರ ಹಲವು ತಲೆಮಾರುಗಳು ಬಲ್ಲವು. ದಕ್ಷಿಣ ಕನ್ನಡ, ಕಾಸರಗೋಡು ಮತ್ತು ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದವು. ಅಪೀಲು ಹಾಕಲು ಹೈಕೋರ್ಟಿಗೆ, ಓದಲು ಪ್ರೆಸಿಡೆನ್ಸಿ ಕಾಲೇಜಿಗೆ, ವೈದ್ಯ ಶಿಕ್ಷಣಕ್ಕೆ, ಸರ್ಕಾರಿ ಕೆಲಸಕ್ಕೆ ಮಂಗಳೂರು, ಉಡುಪಿ, ಬಳ್ಳಾರಿಗಳ ಜನ ಮದ್ರಾಸಿಗೇ ಬರಬೇಕಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಮುಟ್ಟಿದ ಮೇಲೆ ಕರಾವಳಿಯ ಜನರಿಗೂ ಮದ್ರಾಸು ಒಂದೇ ರೈಲುದಾರಿಯ ದೂರಕ್ಕೆ ಬಂತು.

ಗಡಿಯಾರಗಳು ಹೆಗ್ಗುರುತಾದದ್ದಕ್ಕೆ ಬಲವಾದ ಕಾರಣವಿತ್ತು. ಕೈಗಡಿಯಾರ ಎಲ್ಲರಲ್ಲೂ ಇಲ್ಲದ ಕಾಲದಲ್ಲಿ ಜನ ದಾರಿಯನ್ನೂ ಹೊತ್ತನ್ನೂ ಒಂದೇ ಕಡೆ ನೋಡುತ್ತಿದ್ದರು. ನುಂಗಂಬಾಕಂನಲ್ಲಿ 1792ರಲ್ಲಿ ಕಟ್ಟಿದ ಮದ್ರಾಸ್ ವೀಕ್ಷಣಾಲಯ ನಿರ್ಧರಿಸುತ್ತಿದ್ದ ಸ್ಥಳೀಯ ವೇಳೆಯೇ 19ನೆಯ ಶತಮಾನದಲ್ಲಿ ಭಾರತದ ರೈಲುಗಳ ವೇಳೆಯಾಗಿ ಬಹುಕಾಲ ನಡೆಯಿತು. ಮೌಂಟ್ ರೋಡಿನಲ್ಲಿ ಪಿ. ಓರ್ ಆ್ಯಂಡ್ ಸನ್ಸ್ ಗಡಿಯಾರದಂಗಡಿಯ 1879ರ ಕಟ್ಟಡದ ಗಡಿಯಾರ ಆ ವೀಕ್ಷಣಾಲಯದ ವೇಳೆಗೆ ಹೊಂದಿಕೊಂಡಿತ್ತು. ರಾಯಪೇಟೆಯ ಗಡಿಯಾರ ಕಂಬ, ಜನರ ಮಾತಿನ ಮಣಿಕೂಂಡು, ಇಂದಿಗೂ ನಾಲ್ಕು ರಸ್ತೆಗಳ ಜನರಿಗೆ ಗುರುತು.

ಮದ್ರಾಸಿನ ವಿದ್ಯುತ್ ಟ್ರಾಮು 1895ರಲ್ಲಿ ಓಡತೊಡಗಿತು. ಭಾರತದಲ್ಲಿ ಅದೇ ಮೊದಲನೆಯದು. 1953ರಲ್ಲಿ ಅದು ನಿಂತಾಗ ಜಾಗವನ್ನು ಬಸ್ಸು ಪೂರ್ತಿಯಾಗಿ ಹಿಡಿಯಿತು. ಹೆಗ್ಗುರುತುಗಳ ಚರಿತ್ರೆಯಲ್ಲಿ ಇದು ದೊಡ್ಡ ತಿರುವು. ಟ್ರಾಮಿಗೂ ಬಸ್ಸಿಗೂ ನಿಲ್ದಾಣ ಬೇಕು, ನಿಲ್ದಾಣಕ್ಕೆ ಕಂಡಕ್ಟರು ಕೂಗಿ ಹೇಳಬಹುದಾದ ಚಿಕ್ಕ ಹೆಸರು ಬೇಕು. ಹತ್ತಿರದ ಅಂಗಡಿ, ಚಿತ್ರಮಂದಿರ, ಕಾಲೇಜು, ಹೋಟೆಲು ಆ ಹೆಸರನ್ನು ಒದಗಿಸಿತು. ದಿನಕ್ಕೆ ನೂರಾರು ಸಲ ಕೂಗಿದ ಹೆಸರು ಕಟ್ಟಡವನ್ನು ಬಿಟ್ಟು ಜಾಗಕ್ಕೆ ಅಂಟಿಕೊಂಡಿತು.

ಅಂಗಡಿಯೂ ಹೋಟೆಲೂ

ಇದರ ಅತಿ ಹಳೆಯ ಉದಾಹರಣೆ ಪ್ಯಾರೀಸ್ ಕಾರ್ನರ್. ವೇಲ್ಸ್ ಮೂಲದ ಥಾಮಸ್ ಪ್ಯಾರಿ 1788ರಲ್ಲಿ ಮದ್ರಾಸಿನಲ್ಲಿ ವ್ಯಾಪಾರ ಆರಂಭಿಸಿದನು. ಜಾರ್ಜ್ ಟೌನಿನ ತೆಂಕಣ ಮೂಲೆಯಲ್ಲಿ ಅವನ ಕಂಪನಿ ನೆಲೆಯಾಯಿತು. ಅಲ್ಲಿ 1940ರ ಹೊತ್ತಿಗೆ ಎದ್ದ ಹೊಸ ಕಟ್ಟಡಕ್ಕೆ ಡೇರ್ ಹೌಸ್ ಎಂದು ಹೆಸರಿಟ್ಟರೂ ಜನ ಪ್ಯಾರೀಸ್ ಎಂಬುದನ್ನು ಬಿಡಲಿಲ್ಲ. ಬಂದರು, ಹೈಕೋರ್ಟು, ಸಗಟು ಬಜಾರು, ಬಸ್ ನಿಲ್ದಾಣ ಎಲ್ಲವೂ ಆ ಮೂಲೆಯಲ್ಲಿ ಕೂಡುವುದರಿಂದ ಇಡೀ ಹಳೆಯ ಪಟ್ಟಣಕ್ಕೇ ಪ್ಯಾರೀಸ್ ಎನ್ನುವ ರೂಢಿ ಬೆಳೆಯಿತು.

ಮೌಂಟ್ ರೋಡಿನ ಸ್ಪೆನ್ಸರ್ಸ್ 19ನೆಯ ಶತಮಾನದ ಕೊನೆಯಲ್ಲಿ ತನ್ನ ಕೆಂಪು ಕಟ್ಟಡದಿಂದ ಹೆಸರಾಗಿ, 1980ರ ದಶಕದಲ್ಲಿ ಬೆಂಕಿಗೆ ಬಲಿಯಾಯಿತು; ಆ ಜಾಗದ ಹೊಸ ವ್ಯಾಪಾರ ಸಂಕೀರ್ಣವೂ ಸ್ಪೆನ್ಸರ್ ಎಂಬ ಹೆಸರನ್ನೇ ಹೊತ್ತಿತು. ಸೆಂಟ್ರಲ್ ಪಕ್ಕದಲ್ಲಿ 1900ರಲ್ಲಿ ತೆರೆದ ಮೂರ್ ಮಾರ್ಕೆಟ್ ಹಳೆಯ ಪುಸ್ತಕಗಳಿಗೆ ಹೆಸರುವಾಸಿಯಾಗಿತ್ತು. 1985ರಲ್ಲಿ ಅದು ಸುಟ್ಟುಹೋಗಿ ಜಾಗ ರೈಲ್ವೆಗೆ ಸೇರಿತು. ಅಲ್ಲಿ ಎದ್ದ, ಉಪನಗರ ರೈಲುಗಳು ಹೊರಡುವ ನಿಲ್ದಾಣವನ್ನು ರೈಲ್ವೆಯ ದಾಖಲೆಯೇ ಮೂರ್ ಮಾರ್ಕೆಟ್ ಕಾಂಪ್ಲೆಕ್ಸ್ ಎನ್ನುತ್ತದೆ. ಅಮೆರಿಕದಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆಯನ್ನು ಕೂಡಿಡಲು 1842ರಲ್ಲಿ ಕಡಲದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಕೂಡ ಹಾಗೆಯೇ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಕಟ್ಟಡ ಈಗ ವಿವೇಕಾನಂದರ್ ಇಲ್ಲಂ. ಸುತ್ತಲಿನ ಪ್ರದೇಶ ಮಾತ್ರ ಐಸ್ ಹೌಸ್ ಆಗಿಯೇ ಉಳಿದಿದೆ.

ಕನ್ನಡ ಕರಾವಳಿಯವರು ಮದ್ರಾಸಿಗೆ ಕೊಟ್ಟ ಹೆಗ್ಗುರುತುಗಳು ಹೋಟೆಲುಗಳು. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದರು. 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು ಅದೇ ಹೆಸರಿನಲ್ಲಿ ವಸತಿಗೃಹ ನಡೆಸಿದರು. 1952ರಲ್ಲಿ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟಗಾರಿಕಾ ಸಂಘದ ಹಸಿರು ಜಾಗದಲ್ಲಿ, ಕಾರಿನಲ್ಲೇ ಕುಳಿತು ದೋಸೆ ಕಾಫಿ ತರಿಸಿಕೊಳ್ಳುವ ಡ್ರೈವ್ ಇನ್ ತೆರೆಯಿತು. ಬಾಡಿಗೆ ಮನೆಯ ಹೆಸರು ಹೀಗೆ ಮನೆಯನ್ನು ಬಿಟ್ಟು ಹೋಟೆಲಿನ ಜೊತೆ ಊರೆಲ್ಲ ನಡೆಯಿತು. 2008ರಲ್ಲಿ ಡ್ರೈವ್ ಇನ್ ಮುಚ್ಚಿ, 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಬಂತು. ನಡುವಯಸ್ಸು ದಾಟಿದವರ ಬಾಯಲ್ಲಿ ಆ ಜಾಗ ಇನ್ನೂ ಡ್ರೈವ್ ಇನ್. ಮೈಸೂರಿನಲ್ಲಿ ಹೋಟೆಲ್ ಉದ್ಯಮ ಆರಂಭಿಸಿದ ಕೆ. ಸೀತಾರಾಮ ರಾಯರು 1954ರಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ದಾಸಪ್ರಕಾಶ್ ಕಟ್ಟಿಸಿದರು. ಹೋಟೆಲು ಮುಚ್ಚಿದ ಮೇಲೂ ದಾಸಪ್ರಕಾಶ್ ಆ ರಸ್ತೆಯ ಬಸ್ ನಿಲ್ದಾಣವಾಗಿ ಉಳಿಯಿತು.

ಹದಿನಾಲ್ಕು ಮಹಡಿ, ಮತ್ತು ಸಿನಿಮಾ

ಚೆಟ್ಟಿನಾಡಿನ ಉದ್ಯಮಿ ಎಂ.ಸಿಟಿ.ಎಂ. ಚಿದಂಬರಂ ಚೆಟ್ಟಿಯಾರ್ ತಮ್ಮ ವಿಮಾ ಕಂಪನಿಗಾಗಿ 1953ರಲ್ಲಿ ಮೌಂಟ್ ರೋಡಿನಲ್ಲಿ ಎತ್ತರದ ಕಟ್ಟಡ ಆರಂಭಿಸಿದರು. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾಗಿ ಕಟ್ಟಡ ಹೊಸ ನಿಗಮದ ಕೈಗೆ ಬಂತು. 1959ರಲ್ಲಿ ತೆರೆದ ಹದಿನಾಲ್ಕು ಮಹಡಿಯ ಎಲ್‌ಐಸಿ ಕಟ್ಟಡ ಕೆಲಕಾಲ ದೇಶದಲ್ಲೇ ಅತಿ ಎತ್ತರದ್ದಾಗಿತ್ತು. ಹಳ್ಳಿಯ ನಾಯಕ ಮದ್ರಾಸಿಗೆ ಬಂದನೆಂದು ತೋರಿಸಲು ತಮಿಳು ಚಿತ್ರಗಳು ಸೆಂಟ್ರಲಿನ ಗಡಿಯಾರವನ್ನೂ ಈ ಕಟ್ಟಡವನ್ನೂ ಒಂದರ ಹಿಂದೊಂದು ತೋರಿಸುವುದು ರೂಢಿಯಾಯಿತು. ಅದಕ್ಕಿಂತ ಎಷ್ಟೋ ಎತ್ತರದ ಕಟ್ಟಡಗಳು ಆಮೇಲೆ ಬಂದವು. ಊರಿನ ಗುರುತಾಗಿ ಎಲ್‌ಐಸಿಯ ಸ್ಥಾನವನ್ನು ಅವು ಕಸಿಯಲಿಲ್ಲ.

ಸಿನಿಮಾ ಸ್ವತಃ ಗುರುತುಗಳನ್ನು ಹುಟ್ಟುಹಾಕಿತು. ಎಸ್.ಎಸ್. ವಾಸನ್ 1940ರಲ್ಲಿ ಮೌಂಟ್ ರೋಡಿನ ಸ್ಟುಡಿಯೊವೊಂದನ್ನು ಹರಾಜಿನಲ್ಲಿ ಕೊಂಡು ಜೆಮಿನಿ ಎಂದು ಹೆಸರಿಟ್ಟರು. ಅದರ ಎದುರಿಗೆ 1973ರಲ್ಲಿ ನಗರದ ಮೊದಲ ಮೇಲ್ಸೇತುವೆ ಬಂತು. ಸರ್ಕಾರ ಇಟ್ಟ ಹೆಸರು ಅಣ್ಣಾ ಮೇಲ್ಸೇತುವೆ, ಜನ ಕರೆದದ್ದು ಜೆಮಿನಿ ಸೇತುವೆ. ಸ್ಟುಡಿಯೊ ಹೋಯಿತು, ಹೆಸರು ಸೇತುವೆಯ ಮೇಲೆ ನಿಂತಿತು. ತಮಿಳುನಾಡಿನಲ್ಲಿ ಕುದುರೆ ಜೂಜು ನಿಷೇಧಿಸಿದ ನೆನಪಿಗೆ ಸೇತುವೆಯ ಬಳಿ ಇಟ್ಟ ಕುದುರೆಯ ಪ್ರತಿಮೆಯೂ ಅಲ್ಲಿ ಗುರುತಾಯಿತು. ಹತ್ತಿರದ ಸಫಾಯರ್ ಒಂದೇ ಆವರಣದಲ್ಲಿ ಮೂರು ಚಿತ್ರಮಂದಿರಗಳಿದ್ದ ಸಂಕೀರ್ಣ; ಅದು ನೆಲಸಮವಾದ ಮೇಲೂ ಹೆಸರು ದಾರಿ ತೋರಿಸುತ್ತಿತ್ತು.

ಕೋಡಂಬಾಕಂ ಮತ್ತು ವಡಪಳನಿಯಲ್ಲಿ ಎವಿಎಂ, ವಿಜಯ ವಾಹಿನಿ ಮೊದಲಾದ ಸ್ಟುಡಿಯೊಗಳು ನೆಲೆಸಿದವು. ಕನ್ನಡ ಚಿತ್ರರಂಗಕ್ಕೂ ದಶಕಗಳ ಕಾಲ ಕಾರ್ಖಾನೆ ಅಲ್ಲೇ ಇತ್ತು. 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದೆ ರಾಜ್‌ಕುಮಾರ್ ಸೇರಿದಂತೆ ಕನ್ನಡದ ಎಷ್ಟೋ ಕಲಾವಿದರು, ತಂತ್ರಜ್ಞರು ಮದ್ರಾಸಿನಲ್ಲೇ ಮನೆ ಮಾಡಿದ್ದರು. ಆರ್ಕಾಟ್ ರಸ್ತೆಯಲ್ಲಿ ಎವಿಎಂ ಬಾಗಿಲಿನ ಗೋಳ, ಕೋಡಂಬಾಕಂನ ರೈಲ್ವೆ ಗೇಟು, ಲಿಬರ್ಟಿ ಚಿತ್ರಮಂದಿರ, ಪವರ್ ಹೌಸ್ ಆ ದಾರಿಯ ಗುರುತುಗಳು. ಗೇಟು ಮುಚ್ಚಿದಾಗ ನಿಂತ ಕಾರುಗಳಲ್ಲಿ ನಟನಟಿಯರನ್ನು ನೋಡಲು ಜನ ಸೇರುತ್ತಿದ್ದರು. 1960ರ ದಶಕದಲ್ಲಿ ರೈಲು ಹಳಿಯ ಮೇಲೆ ಸೇತುವೆ ಬಂದು ಗೇಟು ಮರೆಯಾಯಿತು.

ಪ್ರತಿಮೆಗಳ ಚರಿತ್ರೆಯಲ್ಲಿ ತಮಿಳು ಮಹಾಕಾವ್ಯದ ನಾಯಕಿ ಕಣ್ಣಗಿಯದು ವಿಶೇಷವಾದದ್ದು. ವಿಶ್ವ ತಮಿಳು ಸಮ್ಮೇಳನದ ಸಂದರ್ಭದಲ್ಲಿ, 1968ರಲ್ಲಿ ಮರೀನಾದಲ್ಲಿ ನಿಲ್ಲಿಸಿದ ಈ ಪ್ರತಿಮೆಯನ್ನು 2001ರಲ್ಲಿ ತೆಗೆಯಲಾಯಿತು, 2006ರಲ್ಲಿ ಮತ್ತೆ ನಿಲ್ಲಿಸಲಾಯಿತು. ನಡುವಿನ ವರ್ಷಗಳಲ್ಲಿ ಪ್ರತಿಮೆ ಇಲ್ಲದ ಜಾಗವೂ ಕಣ್ಣಗಿ ಸಿಲೈ ಎಂದೇ ಕರೆಸಿಕೊಂಡಿತು.

ಮರೆಯಾದ ಕೆರೆ

ಎಲ್ಲ ಗುರುತುಗಳೂ ಎತ್ತರದವಲ್ಲ. ಮದ್ರಾಸಿನ ಪಶ್ಚಿಮಕ್ಕೆ ನುಂಗಂಬಾಕಂನಿಂದ ಸೈದಾಪೇಟೆಯ ಕಡೆಗೆ ಉದ್ದಕ್ಕೆ ಹಬ್ಬಿದ್ದ ಕೆರೆಯನ್ನು ಇಂಗ್ಲಿಷರು ಲಾಂಗ್ ಟ್ಯಾಂಕ್ ಎಂದು ಕರೆದರು. 1920ರ ದಶಕದಲ್ಲಿ ಅದರ ಒಂದು ಭಾಗವನ್ನು ಒಣಗಿಸಿ ತ್ಯಾಗರಾಯನಗರ ಎಂಬ ಬಡಾವಣೆ ಮಾಡಿದರು. ಅದರ ನಡುವಿನ ಉದ್ಯಾನಕ್ಕೆ ಅಂದಿನ ಮುಖ್ಯಮಂತ್ರಿಯಾಗಿದ್ದ ಪಾನಗಲ್ ರಾಜನ ಹೆಸರು ಬಂತು. ನುಂಗಂಬಾಕಂ ಕೆರೆಯ ಜಾಗದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ಮಾಂಬಲದ ಲೇಕ್ ವ್ಯೂ ರೋಡ್, ನುಂಗಂಬಾಕಂನ ಲೇಕ್ ಏರಿಯಾ ಮತ್ತು ಟ್ಯಾಂಕ್ ಬಂಡ್ ರೋಡ್ ಎಂಬ ಹೆಸರುಗಳು ಮಾತ್ರ ನೀರಿನ ಗುರುತು ಹಿಡಿದುಕೊಂಡಿವೆ. ದೊಡ್ಡ ಮಳೆ ಬಂದಾಗ ನೀರು ತನ್ನ ಹಳೆಯ ತಗ್ಗನ್ನೇ ಹುಡುಕುತ್ತದೆ. ಇಂಥ ಹೆಸರುಗಳನ್ನು ಗಮನವಿಟ್ಟು ಓದುವುದು ನಗರ ಕಟ್ಟುವವರ ಕರ್ತವ್ಯ. 2015ರ ಡಿಸೆಂಬರಿನ ಪ್ರವಾಹವನ್ನು ಕಂಡ ಊರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಹೆಸರು ಬದಲಾದಾಗ

ಸ್ವಾತಂತ್ರ್ಯದ ನಂತರ ಮದ್ರಾಸಿನ ರಸ್ತೆಗಳು ಹೊಸ ಹೆಸರು ಪಡೆದವು. ಮೌಂಟ್ ರೋಡ್ ಅಣ್ಣಾ ಸಾಲೈ ಆಯಿತು; ಎಡ್ವರ್ಡ್ ಎಲಿಯಟ್ಸ್ ರಸ್ತೆ ಡಾ. ರಾಧಾಕೃಷ್ಣನ್ ಸಾಲೈ, ಮೌಬ್ರೇಸ್ ರಸ್ತೆ ಟಿಟಿಕೆ ರಸ್ತೆ, ಪೂನಮಲ್ಲಿ ಹೈರೋಡ್ ಪೆರಿಯಾರ್ ಇವಿಆರ್ ಸಾಲೈ, ಲಾಯ್ಡ್ಸ್ ರಸ್ತೆ ಅವ್ವೈ ಷಣ್ಮುಗಂ ಸಾಲೈ. 1970ರ ದಶಕದ ಕೊನೆಯಲ್ಲಿ ರಸ್ತೆಯ ಹೆಸರುಗಳಿಂದ ಜಾತಿಸೂಚಕ ಉಪನಾಮಗಳನ್ನು ತೆಗೆಯುವ ಆದೇಶ ಬಂತು. 1996ರಲ್ಲಿ ಊರೇ ಚೆನ್ನೈ ಆಯಿತು. ಮನೆಗಳ ಸಂಖ್ಯೆಯನ್ನೂ ಪಾಲಿಕೆ ಬದಲಿಸಿದ್ದರಿಂದ ಬಾಗಿಲ ಮೇಲೆ ಹಳೆಯ ನಂಬರು, ಹೊಸ ನಂಬರು ಎರಡೂ ಬರೆದುಕೊಳ್ಳುವುದು ವಾಡಿಕೆಯಾಯಿತು. ಫಲಕ, ಸಂಖ್ಯೆ ಎರಡೂ ಅಲುಗಾಡಿದಾಗ ಜನ ಅಲುಗದ ಗುರುತಿಗೆ ಇನ್ನಷ್ಟು ಗಟ್ಟಿಯಾಗಿ ಆತುಕೊಂಡರು.

ಈ ರೂಢಿ ಮದ್ರಾಸಿನದಷ್ಟೇ ಅಲ್ಲ. ಬೆಂಗಳೂರಿನಲ್ಲಿ ಚಿತ್ರಮಂದಿರಗಳು ಇಲ್ಲವಾದ ಮೇಲೂ ಮೆಜೆಸ್ಟಿಕ್, ಮಿನರ್ವ ವೃತ್ತ ಎಂಬ ಹೆಸರುಗಳು ಹಾಗೆಯೇ ನಿಂತಿವೆ. ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾದಲ್ಲಿ 1972ರ ಭೂಕಂಪಕ್ಕೆ ಊರಿನ ನಡುಭಾಗವೇ ಕುಸಿಯಿತು. ಅಲ್ಲಿನ ಜನ ಇಂದಿಗೂ ಆಗ ಬಿದ್ದುಹೋದ ಕಟ್ಟಡ ಇದ್ದಲ್ಲಿಂದ ಇಷ್ಟು ದೂರ ಎಂದು ವಿಳಾಸ ಹೇಳುತ್ತಾರೆ. ಅಮೆರಿಕದ ನಗರಯೋಜಕ ಕೆವಿನ್ ಲಿಂಚ್ 1960ರ ತನ್ನ ಗ್ರಂಥದಲ್ಲಿ ಜನರ ಮನಸ್ಸಿನಲ್ಲಿರುವ ಊರಿನ ಚಿತ್ರ ದಾರಿ, ಅಂಚು, ವಲಯ, ಕೂಡುತಾಣ, ಹೆಗ್ಗುರುತು ಎಂಬ ಐದರಿಂದ ಕೂಡಿದೆ ಎಂದು ವಿವರಿಸಿದನು. ಮದ್ರಾಸಿನ ಅನುಭವ ಅದಕ್ಕೆ ಕಾಲದ ಆಯಾಮವನ್ನು ಸೇರಿಸುತ್ತದೆ: ಕಣ್ಣಿಗೆ ಕಾಣದ ಗುರುತೂ, ಅದನ್ನು ಬಲ್ಲ ಜನರಿರುವ ತನಕ, ಗುರುತೇ.

ಮೆಟ್ರೊ ಮತ್ತು ಫೋನು

ಚೆನ್ನೈ ಮೆಟ್ರೊ 2015ರಲ್ಲಿ ಆರಂಭವಾಯಿತು. 2018 ಮತ್ತು 2019ರಲ್ಲಿ ಅಣ್ಣಾ ಸಾಲೈ ಕೆಳಗಿನ ಸುರಂಗಮಾರ್ಗ ತೆರೆದಾಗ ಅದರ ನಿಲ್ದಾಣಗಳಿಗೆ ಎಲ್‌ಐಸಿ, ಥೌಸಂಡ್ ಲೈಟ್ಸ್, ಎಜಿ-ಡಿಎಂಎಸ್ ಎಂದು ಬಸ್ ಪ್ರಯಾಣಿಕರು ಬಲ್ಲ ಹೆಸರುಗಳೇ ಬಂದವು. ನೆಲದಡಿಯಲ್ಲಿ ಹೋಗುವವನಿಗೆ ಹೊರಗಿನ ಕಟ್ಟಡ ಕಾಣುವುದಿಲ್ಲ. ಅವನಿಗೆ ದಾರಿ ತೋರುವುದು ಹೆಸರೊಂದೇ. 2019ರಲ್ಲೇ ಸೆಂಟ್ರಲ್ ನಿಲ್ದಾಣಕ್ಕೆ ಎಂ.ಜಿ. ರಾಮಚಂದ್ರನ್ ಹೆಸರು ಸೇರಿತು. ಟಿಕೆಟಿನ ಮೇಲೆ ಉದ್ದನೆಯ ಹೆಸರಿದೆ, ಮಾತಿನಲ್ಲಿ ಸೆಂಟ್ರಲ್ ಉಳಿದಿದೆ.

ಫೋನಿನ ನಕ್ಷೆ ಬಂದ ಮೇಲೂ ಹೆಗ್ಗುರುತು ಕೆಲಸ ಕಳೆದುಕೊಂಡಿಲ್ಲ. ಭಾರತೀಯರು ದಾರಿ ಹೇಳುವ ಕ್ರಮವನ್ನು ಗಮನಿಸಿ ಗೂಗಲ್ ಕಂಪನಿ 2009ರಲ್ಲಿ ಇಲ್ಲಿನ ನಕ್ಷೆಯ ದಾರಿಸೂಚನೆಗಳಲ್ಲಿ ಹೆಗ್ಗುರುತುಗಳನ್ನು ಸೇರಿಸಿತು. ಊಟ ತರುವ ಹುಡುಗ ಮನೆಯ ಹತ್ತಿರ ಬಂದು ಫೋನು ಮಾಡಿದಾಗ ಕೇಳುವುದು ಪಕ್ಕದಲ್ಲಿ ಏನಿದೆ ಎಂಬುದನ್ನೇ. ಆದರೆ ಯಂತ್ರದ ನಕ್ಷೆಗೆ ಇಂದು ಇರುವುದು ಮಾತ್ರ ಗೊತ್ತು. ದಾಸಪ್ರಕಾಶ್, ಲಿಬರ್ಟಿ, ಡ್ರೈವ್ ಇನ್, ಆನೆ ಬಾಗಿಲುಗಳ ನಕ್ಷೆ ಜನರ ಮಾತಿನಲ್ಲಿದೆ, ಬಸ್ ನಿಲ್ದಾಣದ ಫಲಕದಲ್ಲಿದೆ. ಹಳೆಯ ಕಟ್ಟಡ ಕೆಡಹುವಾಗ ಅದರ ಚಿತ್ರ ತೆಗೆದಿಡುವಂತೆ, ನಿಲ್ದಾಣದ ಹೆಸರು ಬದಲಿಸುವ ಮುನ್ನ ಆ ಹೆಸರು ಎಲ್ಲಿಂದ ಬಂತೆಂದು ಬರೆದಿಡುವುದೂ ನಗರದ ಚರಿತ್ರೆಯನ್ನು ಕಾಯುವ ಕೆಲಸ. ಕೋಟೆ ಮತ್ತು ಗವರ್ನರರ ಚರಿತ್ರೆಗೆ ದಾಖಲೆಗಳಿವೆ; ಊರಿನಲ್ಲಿ ನಡೆದಾಡಿದ ಸಾಮಾನ್ಯರ ಚರಿತ್ರೆಗೆ ಇಂಥ ಹೆಸರುಗಳೇ ದಾಖಲೆ.